ಪೈಲ್ವಾನನ ಮೊಣಕಾಲು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಉಳಿದವಕ್ಕಿಂತ ತುಸು ಉದ್ದವಿತ್ತು. ಅದರ ಅಂಚಿನಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ ಸಿಕ್ಕಿಕೊಂಡಿರುತ್ತಿತ್ತು. ಹೊಸ ಗೊಂಬೆ ಕೈಗೆ ಬಂದರೆ ಅವರು ಮೊದಲು ಅದರ ಮುಖ ನೋಡುತ್ತಿರಲಿಲ್ಲ. ಪ್ಲಾಸ್ಟಿಕ್ಕಿನ ಎರಡು ಹೋಳು ಕೂಡುವ ಗೆರೆಯ ಮೇಲೆ ಆ ಉಗುರನ್ನು ನೆತ್ತಿಯಿಂದ ಪಾದದವರೆಗೆ ನಿಧಾನವಾಗಿ ಎಳೆಯುತ್ತಿದ್ದರು. ಉಗುರು ತಡೆದಲ್ಲಿ ಕೈ ನಿಲ್ಲಿಸಿ, "ಇಲ್ಲಿ ಐತಿ ನೋಡು ಚೂಕ," ಎಂದು ತಪ್ಪು ತೋರಿಸುತ್ತಿದ್ದರು. ಹುಟ್ಟಿದ್ದು ನಿಪ್ಪಾಣಿಯಲ್ಲಿ, ಸಿಟ್ಟು ಬಂದಾಗ ಮಾತು ಮರಾಠಿಗೆ ಹೊರಳುತ್ತಿತ್ತು.

ಅಥಣಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಅದಕ್ಕೇ ಊರಿಗೆಲ್ಲ ಅಕ್ಕೋರು. ಮದುವೆ ಮಾಡಿಕೊಂಡಿರಲಿಲ್ಲ. ತಂಗಿಯ ಜೊತೆ ಇದ್ದ ಮನೆಯ ಮುಂದಿನ ಕೋಣೆಯ ಮೂರು ಗೋಡೆಗೂ ಹಲಗೆ ಬಡಿಸಿ ಕುದುರೆ, ಹುಲಿ, ಸೈನಿಕ, ರೋಬೋಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಊರವರು ಹಿಂದಿನಿಂದ ನಗುತ್ತಿದ್ದರು. ಅದು ಅವರಿಗೆ ಗೊತ್ತಿತ್ತು.

ನನಗೆ ಅವರು ಸಿಕ್ಕಿದ್ದು ಅಥಣಿಯ ಕೊರಿಯರ್ ಆಫೀಸಿನಲ್ಲಿ. ನಾನು ಕಾಗವಾಡದ ಹತ್ತಿರ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು. ಮೀಸೆ ಬಂದವನು ಗೊಂಬೆ ತರಿಸುತ್ತಾನೆಂದು ಯಾರಿಗೂ ತಿಳಿಯಬಾರದೆಂದು ಡಬ್ಬಿಯಲ್ಲಿ ಲ್ಯಾಬಿನ ಸಾಮಾನಿದೆ ಎಂದು ಸುಳ್ಳು ಹೇಳುತ್ತಿದ್ದೆ. ಆ ದಿನ ತಡೆಯಲಾರದೆ ಅಲ್ಲೇ ಬಿಚ್ಚಿದೆ. ರೋಬೋಟಿನ ಎಡ ತೋಳು ಜೋತು ಬಿದ್ದಿತ್ತು.

"ಏನ ಮಾಡಾವ್ರು ಈಗ?" ಹಿಂದೆ ನಿಂತಿದ್ದ ಅಕ್ಕೋರು ಕೇಳಿದರು.

"ಅಂಟು ಹಚ್ಚತೀನ್ರಿ."

"ಹಚ್ಚಬ್ಯಾಡ್ರಿ. ಅಂಟು ಹಚ್ಚಿದ್ರ ಕಂಪನ್ಯಾವ್ರ ತಪ್ಪು ನಿಮ್ಮದಾಗತೈತಿ."

ಅದೇ ದಿನ ಅವರ ಮನೆಯಲ್ಲಿ ಚಹಾ ಕುಡಿದೆ, ಜೊತೆಗೆ ಮೊದಲ ಪಾಠವೂ ಆಯಿತು. ಡಬ್ಬಿಯಲ್ಲಿ ಒತ್ತಿ ಕೂತು ಸೊಟ್ಟಗಾದ ತಮ್ಮ ಗೊಂಬೆಯೊಂದರ ಕಾಲನ್ನು ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿನಲ್ಲಿ ಹಿಡಿಯುವುದನ್ನು ತೋರಿಸಿದರು. "ಇದು ಹಾದ್ಯಾಗ ಆದ ಸೊಟ್ಟು, ಇದಕ್ಕ ಯಾರನ್ನೂ ಬೈಬಾರ್ದು. ನಿಂದು ಅಚ್ಚಿನ್ಯಾಗ ಆದದ್ದು. ಅದನ್ನ ಬಿಡಬಾರ್ದು." ನಾನು ಫೋನಿನಲ್ಲಿ ಬರೆದ ದೂರನ್ನು ಓದಿ ಅರ್ಧಕ್ಕರ್ಧ ಅಳಿಸಿದರು. "ಮೋಸ ಅಂತ ಬರೀಬ್ಯಾಡ. ಎಡ ಭುಜ ಅಂತ ಬರಿ." ಒಂದು ವಾರದಲ್ಲಿ ನನಗೆ ಬೇರೆ ರೋಬೋಟು ಬಂತು. ಅಲ್ಲಿಂದ ಪ್ರತಿ ರಜೆಯ ದಿನ ಅವರ ಮನೆಗೆ ಹೋಗುವುದು ರೂಢಿಯಾಯಿತು.

ಆ ಮನೆಗೆ ಬರುತ್ತಿದ್ದ ಇನ್ನೊಬ್ಬರು ಐಗಳಿಯ ದ್ರಾಕ್ಷಿ ಬೆಳೆಗಾರ, ಐವತ್ತು ದಾಟಿದವರು, ಮಾತು ಕಡಿಮೆ. ಎರಡು ವರ್ಷದ ಹಿಂದೆ ಒಂದು ಕಂಪನಿ ಕುಸ್ತಿ ಪೈಲ್ವಾನರ ಗೊಂಬೆಗಳನ್ನು ಹೊರತಂದಾಗ ನಾವು ಮೂವರೂ ಒಂದೊಂದು ತರಿಸಿದೆವು. ಬೆಳೆಗಾರರಿಗೆ ಅದು ಬರಿಯ ಗೊಂಬೆಯಾಗಿರಲಿಲ್ಲ. ಅವರ ತಂದೆ ಸುತ್ತಲಿನ ಊರುಗಳ ಅಖಾಡದಲ್ಲಿ ಹೆಸರು ಮಾಡಿದ್ದ ಪೈಲ್ವಾನರು. ತಂದೆ ನಿಲ್ಲುತ್ತಿದ್ದ ಹಾಗೆ ನಿಲ್ಲಿಸೋಣವೆಂದು ಗೊಂಬೆಯ ಬಲ ಮೊಣಕಾಲು ಮಡಿಸಿದರು. ಅದು ಲಟಕ್ಕನೆ ಮುರಿದು ಕೈಗೆ ಬಂತು.

ಅವರು ಕಂಪನಿಗೆ ಬರೆದರು. ಒರಟಾಗಿ ಬಳಸಿದ್ದೀರಿ, ಅಂಥದ್ದಕ್ಕೆ ಬದಲಿ ಕೊಡುವುದಿಲ್ಲ ಎಂದು ಉತ್ತರ ಬಂತು.

ಮುರಿದ ಗೊಂಬೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಅಕ್ಕೋರ ಮುಂದಿಟ್ಟರು. "ಅವ್ರು ಹೇಳೋದು ಖರೆ ಇದ್ದೀತ್ರಿ ಅಕ್ಕೋರ. ಕತ್ತರಿ ಹಿಡಿಯೋ ಕೈ, ಒರಟದಾವು. ಅಪ್ಪನ ಕಾಲು ನಾನ ಮುರಿದಂಗ ಆತು."

ಅಕ್ಕೋರು ಮೊಣಕಾಲನ್ನು ನೋಡಲಿಲ್ಲ. ಅವರ ಕೈಗಳನ್ನು ನೋಡಿದರು. "ಗೊಂಚಲ ಮ್ಯಾಲಿನ ಬಿಳಿ ಪುಡಿ ಸೈತ ಅಳಸದಂಗ ದ್ರಾಕ್ಷಿ ಕೊಯ್ಯೋ ಕೈ ಇವು. ಇವನ್ನ ಒರಟ ಅಂದಾವ್ರು ಯಾರು?" ಎಂದವರೇ ಮರಾಠಿಯಲ್ಲಿ ಏನೋ ಗೊಣಗಿದರು.

ಅಕ್ಕೋರು ಕಂಪನಿಗೆ ಬರೆದ ಮೊದಲ ಪತ್ರಕ್ಕೆ ಉತ್ತರ ಬೇಗ ಬಂತು. ನೀವು ಹಳೆಯ ಗಿರಾಕಿ, ನಿಮ್ಮ ಮಾತಿಗಾಗಿ ನಿಮ್ಮ ಪರಿಚಯದವರಿಗೆ ಒಂದು ಗೊಂಬೆಯನ್ನು ಉಚಿತವಾಗಿ ಕಳಿಸುತ್ತೇವೆ ಎಂದಿತ್ತು. ನನಗೆ ಅಲ್ಲಿಗೆ ಮುಗಿಯಿತೆನಿಸಿತು.

"ಬ್ಯಾಡ," ಎಂದರು ಅಕ್ಕೋರು. "ದಾನ ಯಾರು ಕೇಳ್ಯಾರ? ಗೊಂಬಿ ತಗೊಂಡ್ರ ಇವರ ಕೈ ಒರಟ ಅಂತ ಒಪ್ಪಿದಂಗ ಆತು."

ಸಣ್ಣ ಗರಗಸ ತಂದರು. ಹಲಗೆಯ ಮೇಲಿಂದ ತಮ್ಮ ಪೈಲ್ವಾನನನ್ನು ಇಳಿಸಿದರು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಯಾಕ ಬೇ, ಚಲೋ ಇದ್ದದ್ದನ್ನ ಕಡಿಯಾಕತ್ತಿ?" ಎಂದರು ತಂಗಿ.

ಅಕ್ಕೋರು ಗೊಂಬೆಯನ್ನು ಟವೆಲಿನಲ್ಲಿ ಹಿಡಿದು ಮೊಣಕಾಲನ್ನು ಉದ್ದಕ್ಕೆ ಕೊಯ್ದರು. ಒಳಗೆ ಕೀಲಿನ ನಟ್ಟನಡುವೆ ಸಾಸಿವೆ ಕಾಳಿನಷ್ಟು ಟೊಳ್ಳು ಇತ್ತು. ಪ್ಲಾಸ್ಟಿಕ್ ಹುಯ್ಯುವಾಗ ಗಾಳಿ ಸಿಕ್ಕಿ ಆದ ಗುಳ್ಳೆ. ಬೆಳೆಗಾರರ ಗೊಂಬೆ ಮುರಿದ ಜಾಗದಲ್ಲೂ ಅದೇ ಗುಳ್ಳೆಯ ಅರ್ಧ ಕಾಣುತ್ತಿತ್ತು.

"ಎರಡು ಸಾಕ್ಷಿ ಸಾಲಂಗಿಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ರಜೆಯಲ್ಲಿ ನನ್ನದನ್ನು ಒಯ್ದು ಮೇಜಿನ ಮೇಲಿಟ್ಟೆ. ಅದನ್ನೂ ಕೊಯ್ದರು. ಅದರಲ್ಲೂ ಗುಳ್ಳೆ ಇತ್ತು.

ಫೋಟೋ ಸಮೇತ ಎರಡನೆಯ ಪತ್ರ ಹೋಯಿತು. ಉತ್ತರವಿಲ್ಲ. ಮೂರನೆಯದಕ್ಕೆ ಪರಿಶೀಲಿಸುತ್ತೇವೆ ಎಂಬ ಒಂದು ಸಾಲು ಬಂತು. ದ್ರಾಕ್ಷಿ ಕೊಯ್ಲು ಮುಗಿದು, ಒಣದ್ರಾಕ್ಷಿಯೂ ಶೆಡ್ಡಿನಿಂದ ಇಳಿಯಿತು. ಬೆಳೆಗಾರರೇ ಬೇಸತ್ತು, "ಬಿಡ್ರಿ ಅಕ್ಕೋರ, ಸಾಕು," ಎಂದರು. ನಾಲ್ಕನೆಯ ಪತ್ರದಲ್ಲಿ ಅಕ್ಕೋರು ಬರೆದದ್ದು ಇಷ್ಟೇ: 'ಗೊಂಬೆ ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ತಪ್ಪು ಯಾರದೆಂದು ಐಗಳಿಯ ಈ ರೈತರಿಗೆ ನೀವೇ ತಿಳಿಸಬೇಕು. ತಿಳಿಸುವವರೆಗೆ ನಾನು ಬರೆಯುತ್ತಿರುತ್ತೇನೆ.'

ಬೇಸಿಗೆಯ ಒಂದು ಮಧ್ಯಾಹ್ನ ಬೆಳೆಗಾರರು ಗಾಡಿ ಹೊಡೆದುಕೊಂಡು ನೇರ ಅಕ್ಕೋರ ಮನೆಗೇ ಬಂದರು, ನಾನೂ ಅಲ್ಲಿದ್ದೆ. ಕಂಪನಿಯ ಪತ್ರ ಬಂದಿದ್ದ ಫೋನನ್ನು ನನ್ನ ಕೈಗೆ ಕೊಟ್ಟು ಜೋರಾಗಿ ಓದಲು ಹೇಳಿದರು. ಕೀಲಿನ ಅಚ್ಚಿನಲ್ಲಿ ದೋಷ ಕಂಡುಬಂದಿದೆ, ಅದನ್ನು ತಿದ್ದಿಸಿದ್ದೇವೆ, ಮೂವರಿಗೂ ಹೊಸ ಗೊಂಬೆ ಬರುತ್ತದೆ. ಮುರಿದದ್ದು ನಿಮ್ಮಿಂದಲ್ಲ, ಹಾಗೆ ಹೇಳಿದ್ದಕ್ಕೆ ಕ್ಷಮಿಸಿ ಎಂದಿತ್ತು.

ಬೆಳೆಗಾರರು ಫೋನನ್ನು ಮರಳಿ ತೆಗೆದುಕೊಂಡರು. ಆಮೇಲೆ, "ಇದರ ಪ್ರಿಂಟ್ ತಗಸ್ತೀನ್ರಿ," ಎಂದರು.

"ಮೊದಲ ಚಹಾ ಕುಡೀರಿ," ಎಂದು ಅಕ್ಕೋರು ಒಳಗೆ ಹೋದರು. ಹೊರಬರುವುದಕ್ಕೆ ತುಸು ತಡವಾಯಿತು.

ಹೋದ ಮಳೆಗಾಲದ ಶುರುವಿನಲ್ಲಿ ಅಕ್ಕೋರು ಹೃದಯಾಘಾತದಿಂದ ತೀರಿಕೊಂಡರು. ಬೆಳಿಗ್ಗೆ ಎದ್ದು ಹಲಗೆಯ ಧೂಳು ಒರೆಸುತ್ತಿದ್ದಾಗ ಕುಸಿದರಂತೆ. ಬೆಳೆಗಾರರೂ ನಾನೂ ಹೆಗಲು ಕೊಟ್ಟೆವು.

ಎರಡು ವಾರದ ಮೇಲೆ ತಂಗಿ ಫೋನು ಮಾಡಿದರು. ಅಕ್ಕೋರು ಮೊದಲೇ ಆರ್ಡರ್ ಮಾಡಿದ್ದ ಒಂದು ಪಾರ್ಸಲ್ ಬಂದಿತ್ತು. ನಾನು ಹೋಗಿ, ಅವರು ಕಲಿಸಿದಂತೆ ಪುರಾವೆಗೆ ವಿಡಿಯೋ ಮಾಡುತ್ತಲೇ ಬಿಚ್ಚಿದೆ. ಬಿಳಿ ಕುದುರೆ. ಬಲಗಣ್ಣು ಎಡಗಣ್ಣಿಗಿಂತ ಕೆಳಗೆ ಜಾರಿತ್ತು.

"ಇರ್ಲಿ ಬಿಡಪಾ," ಎಂದರು ತಂಗಿ. "ಇನ್ನ ಯಾರು ನೋಡಾವ್ರು ಅದನ್ನ?"

ನಾನು ಅಲ್ಲೇ ಕೂತು ದೂರು ಬರೆದೆ. ಬಲಗಣ್ಣು, ಎಷ್ಟು ಕೆಳಗೆ, ಎರಡು ಫೋಟೋ. ಗಿರಾಕಿಯ ಪರವಾಗಿ ಬೇರೆಯವರು ಬರೆಯುತ್ತಿದ್ದರೆ ಸಂಬಂಧ ತಿಳಿಸಿ ಎಂದು ಫಾರ್ಮಿನ ಕೊನೆಗೊಂದು ಸಾಲು ಖಾಲಿಯಿತ್ತು. ಅಕ್ಕೋರು ಕಲಿಸಿದ ಶಾಲೆಯ ಬೆಂಚಿನಲ್ಲಿ ನಾನು ಒಂದು ದಿನವೂ ಕೂತವನಲ್ಲ.

ಶಿಷ್ಯ ಎಂದು ತುಂಬಿ ಕಳಿಸಿದೆ.