ಶ್ರಾವಣದಲ್ಲಿ ಎತ್ತಿಟ್ಟ ಗುಳಿಗೆ

ಬಸವಣ್ಣೆವ್ವನನ್ನು ಮೊದಲು ಕಂಡದ್ದು ಖಾನಾಪುರದ ಬಸ್ ನಿಲ್ದಾಣದಲ್ಲಿ, ಒಂದು ಸಂತೆಯ ದಿನ. ಅವಳ ಗಂಡ ಗುರುಪುತ್ರಪ್ಪ ಅಲ್ಲಿಯ ಕಂಟ್ರೋಲರ್. ಮೈಕಿನ ಮುಂದೆ ಕುಳಿತು, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ, ಬಸ್ಸು ಹೊರಡುವ ವೇಳೆಯನ್ನು ಸಾರುತ್ತಿದ್ದ. ಕಂಚಿನಂಥ ಧ್ವನಿ. ರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಬಸವಣ್ಣೆವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಊರಿಗೆಲ್ಲಾ ಟೈಮ್ ಹೇಳ್ತಾರ, ತಮ್ಮ ಊಟದ ಟೈಮ್ ಮಾತ್ರ ಗೊತ್ತಾಗೂದಿಲ್ಲ ಇವರಿಗೆ!”

“ಗೊತ್ತಾಗಿದ್ರ ನೀ ಇಲ್ಲಿತನಕ ಬರ್ತಿದ್ದೇನ?” ಎಂದ ಗುರುಪುತ್ರಪ್ಪ. ಮೈಕ್ ಬಂದ್ ಮಾಡಿರಲಿಲ್ಲ. ನಿಲ್ದಾಣವೆಲ್ಲ ನಕ್ಕಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೂ ನಕ್ಕಳು.

ಮರುವರ್ಷ ಬೆಳಗಾವಿಯಿಂದ ಡಾಕ್ಟರ್ ಮಾಯಾ ಬಂದು ನಿಲ್ದಾಣದ ನೌಕರರ ತಪಾಸಣೆ ಮಾಡಿದಳು. ಗುರುಪುತ್ರಪ್ಪನ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ರಕ್ತದ ಒತ್ತಡ ನೂರಾ ಎಪ್ಪತ್ತರ ಮೇಲಿತ್ತು. ವಾರ ಬಿಟ್ಟು ನೋಡಿದರೂ ಅಷ್ಟೇ.

“ನನಗ ತಲಿನೋವಿಲ್ಲ, ಚಕ್ಕರ್ ಇಲ್ಲ. ನಿಮ್ಮ ಮಶೀನ ಕೆಟ್ಟಿರಬೇಕ ನೋಡ್ರಿ.”

“ಕಾಕಾ, ಟಾಯರಿನ್ಯಾಗ ಗಾಳಿ ಹೆಚ್ಚಾದ್ರ ಗಾಡಿ ನಿಂತು ಹೇಳತೈತೇನ್ರಿ? ಓಡಕೋತನ ಇರತೈತಿ. ಒಡದ ಮ್ಯಾಲೆ ಗೊತ್ತಾಗೂದು. ರಕ್ತದ ನಾಳಾನೂ ಹಂಗ.”

ಉಪ್ಪು ಕಡಿಮೆ ಮಾಡಬೇಕು, ತಂಬಾಕು ಬಿಡಬೇಕು, ದಿನಾ ಅರ್ಧ ತಾಸು ನಡೆಯಬೇಕು, ಗುಳಿಗೆ ತಪ್ಪಿಸಬಾರದು ಎಂದು ಹೇಳಿ ಡಾಕ್ಟರು ಚೀಟಿ ಬರೆದುಕೊಟ್ಟಳು. ಗುಳಿಗೆಯ ಮುಂದೆ “ಬೆಳಿಗ್ಗೆ ಒಂದು, ಊಟದ ನಂತರ” ಎಂದಿತ್ತು. ಬಸವಣ್ಣೆವ್ವ ಆ ಚೀಟಿಯನ್ನು ಅಕ್ಷರಶಃ ಪಾಲಿಸಿದಳು. ಬೆಳಗಿನ ರೊಟ್ಟಿ ಮುಗಿದೊಡನೆ ಗಂಡನ ಅಂಗೈಗೆ ಗುಳಿಗೆ ಹಾಕುವಳು. ತಂಬಾಕು ಹೋಯಿತು. ಉಪ್ಪಿನಕಾಯಿ ಮಾತ್ರ ಹೋಗಲಿಲ್ಲ. ಅದಿಲ್ಲದ ರೊಟ್ಟಿಯನ್ನು ಬಡಿಸಲು ಅವಳಿಗೇ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂತು. ಆ ಮನೆಯಲ್ಲಿ ಶ್ರಾವಣವೆಂದರೆ ತಿಂಗಳಿಡೀ ಒಪ್ಪತ್ತು. ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಒಂದು ಬಟ್ಟಲು ಚಹಾ. ಊಟವೆಲ್ಲ ಸಂಜೆ, ಮಠದಲ್ಲಿ ಪುರಾಣ ಮುಗಿದ ಮೇಲೆ. ಮೊದಲ ದಿನ ಗುರುಪುತ್ರಪ್ಪ ರೂಢಿಯಂತೆ ಅಂಗೈ ಚಾಚಿದ.

“ಊಟಾನ ಇಲ್ಲ, ಗುಳಿಗಿ ಎಲ್ಲೀದು? ಬರೇ ಹೊಟ್ಟಿಗೆ ಉಷ್ಣ ಆಗತೈತಿ. ಶ್ರಾವಣ ಮುಗೀಲಿ,” ಎಂದಳು ಬಸವಣ್ಣೆವ್ವ. ಗುಳಿಗೆಯ ಪಟ್ಟಿಯನ್ನು ದೇವರ ಜಗಲಿಯ ಮೇಲೆ, ವಿಭೂತಿಯ ಪಕ್ಕದಲ್ಲಿ ಇಟ್ಟಳು. ಗುರುಪುತ್ರಪ್ಪನಿಗೂ ಮೈ ಹಗುರವಾಗಿಯೇ ಇತ್ತು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಕಣಕುಂಬಿ ಬಸ್ಸಿನ ಹೆಸರು ಹೇಳುತ್ತಿದ್ದಂತೆ ಅವನ ಧ್ವನಿ ತೊದಲಿತು, ಆಮೇಲೆ ನಿಂತೇ ಹೋಯಿತು. ಮೈಕ್ ಕೆಟ್ಟಿತೆಂದು ಎಲ್ಲರೂ ತಿಳಿದರು. ಚಾಲಕ ರಾಯಪ್ಪ ವೈರು ನೋಡಲು ಒಳಗೆ ಹೋದ. ಗುರುಪುತ್ರಪ್ಪ ಕುರ್ಚಿಯಲ್ಲೇ ಬಲಕ್ಕೆ ವಾಲಿದ್ದ. ಬಾಯಿಯ ಒಂದು ಬದಿ ಕೆಳಗೆ ಜಾರಿತ್ತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಮಾಯಾ ಕೇಳಿದಳು: “ಗುಳಿಗಿ ತಪ್ಪಿಸಿದ್ರೇನ್ರಿ, ಕಾಕೂ?”

“ಇಲ್ರೀ, ತಪ್ಪಿಸಿಲ್ಲ. ಶ್ರಾವಣ ಮುಗದ ಮ್ಯಾಲೆ ಕೊಡಾಕಿ ಇದ್ದೆ.”

ಡಾಕ್ಟರು ಪೆನ್ನು ಕೆಳಗಿಟ್ಟಳು. “ಈ ಗುಳಿಗಿಗೆ ಊಟ ಬೇಕಂತಿಲ್ರಿ. ದಿನಾ ನೆನಪಿರಲಿ ಅಂತ ಹಂಗ ಬರದಿದ್ದೆ. ನಾನೂ ಬಿಡಿಸಿ ಹೇಳಬೇಕಾಗಿತ್ತು,” ಎಂದಳು.

ಬಸವಣ್ಣೆವ್ವ ಅಳಲಿಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತ ಕುಳಿತಳು. ಯಾರೋ ನೀರು ಕೊಟ್ಟರು, ಕುಡಿದಳು. ಯಾರೋ ಏಳು ಎಂದರು, ಎದ್ದಳು. ಗುರುಪುತ್ರಪ್ಪ ಬದುಕಿದ, ಆದರೆ ಬಲಗೈ ಏಳಲಿಲ್ಲ, ಮಾತು ಹೊರಡಲಿಲ್ಲ. ಬೆಳಗಾವಿಯಲ್ಲೇ ಮಹಾಂತೇಶ ನಗರದಲ್ಲಿದ್ದ ಮಗಳು ಪದ್ಮಶ್ರೀ ಇಬ್ಬರನ್ನೂ ತನ್ನ ಮನೆಗೆ ಕರೆತಂದಳು. ಅಲ್ಲಿ ನೋಡಿಸಿದಾಗ ಬಸವಣ್ಣೆವ್ವನಿಗೂ ಒತ್ತಡ ನೂರಾ ಅರವತ್ತು ದಾಟಿತ್ತು. ಅವಳಿಗೂ ಗುಳಿಗೆ ಬಂತು. ಗಂಡನಿಗೆ ವೇಳೆಗೆ ಸರಿಯಾಗಿ ಕೊಡುವಳು; ತನ್ನದನ್ನು ಕಿಟಕಿಯ ಮೇಲೆ ಇಡುವಳು.

“ಅವ್ವಾ, ನೀನೂ ಬಿದ್ರ ಅಪ್ಪನ್ನ ಎಬ್ಬಿಸಿ ಕುಂಡ್ರಸಾವ್ರು ಯಾರು?” ಎಂದು ಪದ್ಮಶ್ರೀ ಗದರಿದಳು.

“ತಗೋತೇನಿ ಬಿಡು,” ಎನ್ನುವಳು. ತೆಗೆದುಕೊಳ್ಳಳು. ಬೇಡವೆಂಬ ಹಟವೂ ಅಲ್ಲ. ತನ್ನ ದೇಹ ಯಾರದೋ ಎಂಬಂತೆ ಇದ್ದಳು.

ಒಂದು ಸೋಮವಾರ ಎಂದಿನಂತೆ ಗಂಡನ ಬಾಯಿಯ ಬಳಿ ಗುಳಿಗೆ ಹಿಡಿದಳು. ಗುರುಪುತ್ರಪ್ಪ ಬಾಯಿ ತೆರೆಯಲಿಲ್ಲ. ಎಡಗೈ ಎತ್ತಿ ಕಿಟಕಿಯ ಕಡೆ ತೋರಿಸಿದ.

“ಇವತ್ತ ನಂದು ಉಪವಾಸ ಐತ್ರೀ,” ಎಂದಳು. ಅವನ ಕೈ ಇಳಿಯಲಿಲ್ಲ. ಕಾಲುಗಂಟೆ ಹಾಗೆಯೇ ಕುಳಿತರು. ಕೊನೆಗೆ ಅವಳು ಎದ್ದು ತನ್ನ ಗುಳಿಗೆಯನ್ನು ತಂದು ನೀರಿನೊಂದಿಗೆ ನುಂಗಿದಳು. ಸಮಾಧಾನವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಗುರುಪುತ್ರಪ್ಪ ಬಾಯಿ ತೆರೆದ.

ಈಗ ಅವರು ಖಾನಾಪುರಕ್ಕೆ ಮರಳಿದ್ದಾರೆ. ಉಪ್ಪಿನಕಾಯಿಯ ಭರಣಿ ಖಾಲಿಯಾಗಿ ಅಟ್ಟ ಸೇರಿದೆ. ಪಲ್ಲೆಗೆ ಉಪ್ಪು ಅರ್ಧವಾಗಿದೆ. ಮೊದಲು ಎಲ್ಲವೂ ಸಪ್ಪೆ ಎನಿಸಿತ್ತು, ಈಗ ಅದೇ ರೂಢಿ. ಈ ವರ್ಷದ ಶ್ರಾವಣದಲ್ಲಿ, ಮೊದಲ ದಿನದ ಪುರಾಣ ಮುಗಿದ ಮೇಲೆ, ಬಸವಣ್ಣೆವ್ವ ಹೆಂಗಸರ ಸಾಲಿನಿಂದ ಎದ್ದು ನಿಂತಳು.

“ಉಪವಾಸ ಮಾಡ್ರಿ. ಗುಳಿಗಿ ಬಿಡಬ್ಯಾಡ್ರಿ. ಉಪವಾಸದಾಗ ಯಾವಾಗ ತಗೋಬೇಕಂತ ಮೊದಲ ಡಾಕ್ಟರ್‍ನ ಕೇಳ್ರಿ. ನಾ ಕೇಳಲಿಲ್ಲ,” ಎಂದು ಹೇಳಿ ಕುಳಿತಳು. ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಆ ತಿಂಗಳಿಡೀ ಬೆಳಿಗ್ಗೆ ಓಣಿಯಲ್ಲಿ ಗುಳಿಗೆ ನುಂಗುವವರಿದ್ದ ನಾಲ್ಕು ಮನೆಗಳ ಬಾಗಿಲಲ್ಲಿ ನಿಂತು, “ತಗೊಂಡ್ರೇನ್ರಿ?” ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದಳು. ಶ್ರಾವಣ ಮುಗಿದರೂ ಕೇಳುವುದನ್ನು ಬಿಟ್ಟಿಲ್ಲ.

ಸಂಜೆ ಗಂಡನ ಎಡಗೈ ಹಿಡಿದು ನಿಲ್ದಾಣದವರೆಗೆ ನಡೆಯುತ್ತಾಳೆ. ಕಲ್ಲುಬೆಂಚಿನ ಮೇಲೆ ಕುಳಿತ ಗುರುಪುತ್ರಪ್ಪ, ಕಣಕುಂಬಿ ಬಸ್ಸು ಹೊರಟಾಗ ತುಟಿ ಅಲುಗಿಸುತ್ತಾನೆ. “ಕ” ಎಂಬಷ್ಟು ಹೊರಡುತ್ತದೆ. ಬಸ್ಸು ತಿರುವು ದಾಟುವವರೆಗೆ ಅವಳು ಕಾಯುತ್ತಾಳೆ.

“ಟೈಮ್ ಆತು, ನಡೀರಿ,” ಎಂದು ಅವನನ್ನು ಎಬ್ಬಿಸುತ್ತಾಳೆ.