ಅಪ್ಪನ ಕಿವಿಗೆ ಎಟುಕದ ಎದೆ

ನಾನು ಹೊಸದುರ್ಗದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಸೂಜಿ ಚುಚ್ಚುವುದು ಅರ್ಧ ಕೆಲಸ, ರೋಗಿಗಳ ಮಾತನ್ನು ಡಾಕ್ಟರಿಗೆ ದಾಟಿಸುವುದು ಇನ್ನರ್ಧ. ‘ಎದೆಯಾಗೆ ಗೊರಗೊರ ಅಂತೈತ್ರಿ’ ಅಂದರೆ ಡಾಕ್ಟರು ಕ್ರೆಪಿಟೇಶನ್ ಎಂದು ಬರೆಯುತ್ತಾರೆ. ‘ಸುಯ್ ಸುಯ್’ ಅಂದರೆ ವೀಝ್. ಹೊಟ್ಟೆಯ ಗುಳುಗುಳುವಿಗೂ ಬಾರ್ಬೊರಿಗ್ಮೈ ಎಂಬ ಹೆಸರುಂಟು. ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಹೊಟ್ಟೆ ತಾನಾಗಿಯೇ ಸುಮ್ಮನಾಗಿರುತ್ತದೆ.

ಈ ಸದ್ದುಗಳ ಪಾಠ ಮೊದಲು ಹೇಳಿಕೊಟ್ಟವನು ಕುರಿ ಕಾಯುವ ನನ್ನ ಅಪ್ಪ. ಕುರಿ ಮಂಕಾಗಿ ನಿಂತರೆ ಅದನ್ನು ಮೊಣಕಾಲ ನಡುವೆ ಇರುಕಿಸಿ, ಪಕ್ಕೆಗೆ ಕಿವಿ ಒತ್ತಿ ಕಣ್ಣು ಮುಚ್ಚುತ್ತಿದ್ದ. ಆಮೇಲೆ ತೀರ್ಪು: ‘ಇಟ್ಕಳಾಣ’, ಇಲ್ಲವೇ ‘ಸಂತೆಗೆ ಹೊಡೀರಿ’. ಮಕ್ಕಳು ಕೆಮ್ಮಿದರೂ ಅದೇ ಮೊಣಕಾಲು, ಅದೇ ಕಿವಿ. ಕುರಿಯ ವಯಸ್ಸು ಲೆಕ್ಕ ಹಾಕುವಂತೆ ಬಾಯಿ ಬಿಡಿಸಿ ಹಲ್ಲನ್ನೂ ನೋಡುತ್ತಿದ್ದ, ನನ್ನ ವಯಸ್ಸು ಅವನಿಗೆ ಗೊತ್ತಿರಲಿಲ್ಲವೇ! ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬೆನ್ನಿಗೆ ಕಿವಿಯಿಟ್ಟು, ‘ಬಲಗಡೆ ಕೆಳಗೆ ಶೇಂಗಾ ಹೊಟ್ಟು ತುಳಿದಂಗೆ ಸದ್ದೈತೆ’ ಎಂದ. ಹಿರಿಯೂರಿನಲ್ಲಿ ಎಕ್ಸ್‌ರೇ ತೆಗೆಸಿದರೆ ನ್ಯುಮೋನಿಯಾದ ಬಿಳಿ ಮಚ್ಚೆ ಅಲ್ಲೇ ಕೂತಿತ್ತು. ಅಂದಿನಿಂದ ಅಪ್ಪನನ್ನು ಹಿಡಿಯುವವರಿಲ್ಲ.

ಹೋದ ಚಳಿಗಾಲ ಅವನಿಗೇ ಕೆಮ್ಮು ಹಿಡಿಯಿತು. ಹತ್ತು ಹೆಜ್ಜೆಗೆ ಏದುಸಿರು, ಪಾದ ಒತ್ತಿದರೆ ಕುಳಿ ಬೀಳುವಷ್ಟು ಬಾವು. ಅದರ ಅರ್ಥ ನನಗೆ ಗೊತ್ತಿತ್ತು.

‘ಚಿತ್ರದುರ್ಗಕ್ಕೆ ಹೋಗಾಣ ನಡಿಯಪ್ಪ’ ಎಂದೆ.

‘ಸುಮ್ಕಿರಮ್ಮ. ನಲವತ್ತು ವರ್ಷದಿಂದ ಎದೆ ಕೇಳಿದೀನಿ. ನನ್ನೆದೆಯಾಗೆ ಏನೂ ಇಲ್ಲ.’

‘ನಿಂದು ಯಾವತ್ತಾದ್ರೂ ಕೇಳಿದೀಯಾ?’

ಕತ್ತು ಬಗ್ಗಿಸಿ ನೋಡಿದ. ಎಲ್ಲಿ ಎಟುಕೀತು? ಅವ್ವನನ್ನು ಕರೆದು ಕೇಳು ಎಂದ. ಅವ್ವ ಅವನ ಎದೆಗೆ ಕಿವಿಯಿಟ್ಟು, ‘ಬೀಡಿ ವಾಸ್ನೆ ಬರ್ತೈತೆ’ ಎಂದು ಎದ್ದು ಹೋದಳು.

ಮರುದಿನ ಡಾಕ್ಟರನ್ನು ಕೇಳಿ ಹಳೆಯದೊಂದು ಸ್ಟೆತಸ್ಕೋಪ್ ತಂದೆ. ‘ನಾನೇನೂ ಹೇಳಲ್ಲ, ನೀನೇ ಕೇಳು’ ಎಂದು ಅಪ್ಪನ ಕಿವಿಗೆ ಸಿಕ್ಕಿಸಿ, ಬಿಲ್ಲೆಯನ್ನು ಅವನದೇ ಬೆನ್ನಿಗೆ ಇಟ್ಟೆ. ಅಭ್ಯಾಸದಂತೆ ಕಣ್ಣು ಮುಚ್ಚಿದ. ‘ಉಸಿರು ಎಳಿಯಲೇ’ ಎಂದು ತನ್ನನ್ನು ತಾನೇ ಗದರಿಕೊಂಡು ಎಳೆದ. ಬಲಗಡೆ ಕೇಳಿದ, ಎಡಗಡೆಯೂ ಇಡು ಎಂದು ಕೈಸನ್ನೆ ಮಾಡಿದ. ಮೆಲ್ಲಗೆ ಮುಖ ಇಳಿಯಿತು.

‘ಎರಡೂ ಕಡೆ ಐತೆ. ಇದನ್ನ ಸಂತೆಗೆ ಹೊಡೀರಿ.’

ಬಾಗಿಲಲ್ಲಿ ನಿಂತಿದ್ದ ಅವ್ವ ಕಿಸಕ್ಕನೆ ನಕ್ಕಳು. ನನಗೆ ಅಳು ಬಂತು. ‘ನಾವು ಮಾರಲ್ಲ, ಏಳು’ ಎಂದು ರೇಗಿದೆ. ಅಪ್ಪ ಸ್ಟೆತಸ್ಕೋಪನ್ನು ಕುತ್ತಿಗೆಗೆ ಹಾಕಿಕೊಂಡೇ ಚಪ್ಪಲಿ ಹುಡುಕತೊಡಗಿದ.

ಚಿತ್ರದುರ್ಗದ ಡಾಕ್ಟರು ಬೆನ್ನು ಮುಟ್ಟುವ ಮೊದಲೇ ಅಪ್ಪ ‘ಕೆಳಗೆ, ಎರಡೂ ಕಡೆ. ಬರ್ಕಳ್ರಿ’ ಎಂದ. ಅವರು ಕೇಳಿ, ನಕ್ಕು, ಹಾಗೇ ಬರೆದುಕೊಂಡರು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತಂತೆ.

ವಾರ ಕಳೆದು ಮನೆಗೆ ಬಂದವನು ನೀರೂ ಕುಡಿಯದೆ ಸ್ಟೆತಸ್ಕೋಪ್ ಕೇಳಿದ. ನಾನು ಬಿಲ್ಲೆ ಹಿಡಿದೆ. ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿಸಿಕೊಂಡ. ನಾನೂ ಅವ್ವನೂ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದೆವು.

‘ಇರ್ಲಿ ಬಿಡು,’ ಎಂದ, ‘ಈ ವರ್ಷ ಇಟ್ಕಳಾಣ.’