ಅವಳ ಪುಸ್ತಕದಲ್ಲಿ ನನ್ನ ಅಪ್ಪ

ಹೊಟ್ಟೆಕಿಚ್ಚಿನಿಂದ ವಿಮರ್ಶೆ ಬರೆಯಬಾರದು ಎಂದು ಎಲ್ಲರೂ ಹೇಳುತ್ತಾರೆ. ನಾನು ಬರೆದೆ. ಬರೆಯುವಾಗ ತುಂಬಾ ಖುಷಿಯೂ ಆಯಿತು.

ಮುಂಬಯಿಯ ಕನ್ನಡ ಸಂಘವೊಂದರ ಮಾಸಪತ್ರಿಕೆಯಲ್ಲಿ ನಾನು ಕಾಮಿಕ್ಸ್ ಪುಸ್ತಕಗಳ ಬಗ್ಗೆ ತಿಂಗಳಿಗೊಂದು ಪುಟ ಬರೆಯುತ್ತೇನೆ. ಜಪಾನಿನ ಮಾಂಗಾ, ದಪ್ಪ ದಪ್ಪ ಚಿತ್ರಕಥೆಗಳು, ತಮ್ಮ ಬದುಕನ್ನೇ ಚೌಕಗಳಲ್ಲಿ ಬಿಡಿಸಿಕೊಂಡವರ ಆತ್ಮಕಥೆಗಳು, ಎಲ್ಲವನ್ನೂ ಓದುವುದು ಘಾಟ್ಕೋಪರಿನಿಂದ ಪರೇಲ್‌ನ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ. ಲೇಡೀಸ್ ಡಬ್ಬದಲ್ಲಿ ಪಕ್ಕದವರು ಇಣುಕಿ, "ಬಚ್ಚೋಂ ಕೀ ಕಿತಾಬ್ ಹೈ ಕ್ಯಾ?" ಎಂದು ಕೇಳುತ್ತಾರೆ. ನಮ್ಮ ಸಂಪಾದಕರಿಗೂ ಒಳಗೊಳಗೆ ಅದೇ ಅನುಮಾನ, ಇವೆಲ್ಲ ಮಕ್ಕಳ ಪುಸ್ತಕಗಳೇ ಎಂದು. ಆದರೂ ಆ ಒಂದು ಪುಟದಲ್ಲಿ ನಾನು ಹೇಳಿದ್ದೇ ಮಾತು.

ನಾನು ಹೊಟ್ಟೆಕಿಚ್ಚಿನಿಂದ ವಿಮರ್ಶೆ ಮಾಡಿದ ಆ ಪುಸ್ತಕ ಬರೆದವಳು ನನ್ನ ಬಾಲ್ಯದ ಗೆಳತಿ. ಅವಳ ಅಪ್ಪನದು ಸ್ಟೇಶನ್ ಹತ್ತಿರ ಒಂದು ಉಡುಪಿ ಹೋಟೆಲು. ನನ್ನ ಅಪ್ಪ ಅದೇ ಹೋಟೆಲಿನ ಒಳಗಿನ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದೋಸೆ ಹೊಯ್ದವರು. ಅವಳು ಧಣಿಯ ಮಗಳು, ನಾನು ಅಡುಗೆಯವರ ಮಗಳು, ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಚಿತ್ರ ಬಿಡಿಸುವುದರಲ್ಲಿ ನಾನೇ ಮುಂದಿದ್ದೆ. ಇದು ಜಂಬದ ಮಾತಲ್ಲ, ಡ್ರಾಯಿಂಗ್ ಟೀಚರೇ ಹೇಳಿದ್ದು. ಶಾಲೆ ಬಿಟ್ಟ ಮೇಲೆ ಅವಳು ಹೋಟೆಲಿಗೆ ಹೋಗಿ ನನ್ನ ಅಪ್ಪನ ಒಲೆಯ ಎದುರು ಅಕ್ಕಿ ಮೂಟೆಯ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ನಾನು ಚಾಳ್‌ನ ನಮ್ಮ ಒಂದೇ ಕೋಣೆಯ ಖೋಲಿಗೆ ಹೋಗುತ್ತಿದ್ದೆ. ಹೆಣ್ಣುಮಕ್ಕಳು ಹೋಟೆಲಿನ ಒಳಗೆ ಕಾಲಿಡಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಧಣಿಯ ಮಗಳಿಗೆ ಆ ಅಪ್ಪಣೆ ತಾಗುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅವರ ಬದುಕನ್ನು ಚಿತ್ರಗಳಲ್ಲಿ ಹೇಳಬೇಕು ಎಂದು ನಾನು ಒಳ್ಳೆಯ ಕಾಗದದ ದೊಡ್ಡ ಪುಸ್ತಕವೊಂದನ್ನು ತಂದಿಟ್ಟಿದ್ದೆ. ಮೂರು ವರ್ಷದಲ್ಲಿ ನಾಲ್ಕು ಪುಟ ಆಗಿತ್ತು. ಅಷ್ಟರಲ್ಲಿ ಅವಳದು ಬಂತು. ಇಂಗ್ಲಿಷಿನಲ್ಲಿ, ಗಟ್ಟಿ ರಟ್ಟು ಹಾಕಿ. ಹೋಟೆಲಿನಲ್ಲಿ ಕಳೆದ ಬಾಲ್ಯದ ಕಥೆ. ನಡುವಿನ ನಲವತ್ತು ಪುಟಗಳ ತುಂಬ ನನ್ನ ಅಪ್ಪ.

ಪುಸ್ತಕ ಚೆನ್ನಾಗಿತ್ತು, ಅದೇ ನನ್ನ ಸಂಕಟ. ಕಾವಲಿಗೆ ನೀರು ಚಿಮುಕಿಸಿದಾಗ ಏಳುವ ಹಬೆಯನ್ನು ಅವಳು ಒಂದಿಡೀ ಪುಟ ಖಾಲಿ ಬಿಟ್ಟು ತೋರಿಸಿದ್ದಳು. ಮೂಲೆಯಲ್ಲಿ ಅಪ್ಪನ ಮೊಣಕೈ ಮಾತ್ರ. ನಾನಾಗಿದ್ದರೆ ಗೆರೆ ಎಳೆದು ಎಳೆದು ಆ ಪುಟವನ್ನು ಕೆಡಿಸುತ್ತಿದ್ದೆ. ಇವಳಿಗೆ ಯಾರು ಕೊಟ್ಟರು ನನ್ನ ಅಪ್ಪನನ್ನು ಬರೆಯುವ ಹಕ್ಕು? ಆ ದಿನ ಪರೇಲ್ ಸ್ಟೇಶನ್ ದಾಟಿ ಹೋದದ್ದೂ ತಿಳಿಯಲಿಲ್ಲ.

ವಾಪಸು ಬರುವಾಗ ಮೊಸರಲ್ಲಿ ಕಲ್ಲು ಹುಡುಕಲು ಕೂತೆ. ಕುರ್ಲಾ ಬರುವಷ್ಟರಲ್ಲಿ ಸಿಕ್ಕಿಬಿಟ್ಟಿತು. ಪ್ರತಿ ಚೌಕದಲ್ಲೂ ಅಪ್ಪನ ಸೌಟು ಎಡಗೈಯಲ್ಲಿತ್ತು. ಅಪ್ಪ ಊಟ ಮಾಡಿದ್ದು, ಸಹಿ ಹಾಕಿದ್ದು, ನನ್ನ ಬೆನ್ನಿಗೆ ಎರಡು ಬಾರಿಸಿದ್ದು, ಎಲ್ಲ ಬಲಗೈಯಲ್ಲಿ.

ಮಾಂಗಾ ಓದಿದವರಿಗೆ ಈ ತಪ್ಪು ಕೂಡಲೇ ಹೊಳೆಯುತ್ತದೆ. ಜಪಾನಿನವರು ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಹಿಂದೆ ಅವನ್ನು ಇಂಗ್ಲಿಷಿಗೆ ತರುವಾಗ ನಮ್ಮಂಥ ಓದುಗರಿಗೆ ಸುಲಭವಾಗಲಿ ಎಂದು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಅಚ್ಚು ಹಾಕುತ್ತಿದ್ದರು. ಹಾಗಾಗಿ ಕತ್ತಿ ಹಿಡಿದ ವೀರರೆಲ್ಲ ಎಡಚರಾಗಿಬಿಡುತ್ತಿದ್ದರು. ನನ್ನ ವಿಮರ್ಶೆಯಲ್ಲಿ ಇದನ್ನು ವಿವರವಾಗಿ ಹೇಳಿ, ಕೊನೆಗೆ ಬರೆದೆ: "ಲೇಖಕಿ ಯಾವುದೋ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಮಗುಚಿ, ಅದರ ಮೇಲೆ ಗೆರೆ ಎಳೆದಂತಿದೆ. ಆ ಅಡುಗೆಯವರನ್ನು ಕಣ್ಣಾರೆ ಕಂಡವರು ಈ ತಪ್ಪು ಮಾಡುವುದಿಲ್ಲ."

ಪತ್ರಿಕೆ ಬಂದ ಮಧ್ಯಾಹ್ನ ಅಮ್ಮ ನನ್ನ ಪುಟ ಓದಿ ಮುಗಿಸಿ, ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಎಂತ ಬರ್ದಿದ್ದಿ ಇದು? ಆ ಪುಸ್ತಕ ಕೊಡು, ನೋಡ್ತೇನೆ."

ಅಮ್ಮನಿಗೆ ಇಂಗ್ಲಿಷ್ ಬಾರದು. ಒಂದೊಂದೇ ಚಿತ್ರ ನೋಡುತ್ತ ಹೋಗಿ, ಹಬೆಯ ಪುಟದ ಮೂಲೆಯ ಆ ಮೊಣಕೈಯನ್ನು ಬೆರಳಿನಿಂದ ಸವರಿದರು.

"ಸರಿಯಾಗೇ ಉಂಟಲ್ಲ ಮಾರಾಯ್ತಿ. ನಿನ್ನ ಅಪ್ಪ ಎಡಚರೇ."

"ಊಟ ಬಲಗೈಯಲ್ಲೇ ಮಾಡ್ತಿದ್ರಲ್ಲ?"

"ಸಣ್ಣದಿರುವಾಗ ಅಜ್ಜ ಹೊಡ್ದು ಹೊಡ್ದು ಊಟ, ಬರೆಯೋದು ಎಲ್ಲ ಬಲಗೈಗೆ ತಂದ್ರು. ಸೌಟು ಮಾತ್ರ ಬರ್ಲಿಲ್ಲ, ಮನೆಯಲ್ಲಿ ಅದನ್ನ ಮುಟ್ಟಿದ್ದೂ ಇಲ್ಲ. ಎಡಗೈಯಲ್ಲಿ ಹೊಯ್ಯೋದು ಗಿರಾಕಿಗಳಿಗೆ ಕಂಡ್ರೆ ಸರಿಯಾಗೋದಿಲ್ಲ ಅಂತ ಧಣಿಗಳು ಅವ್ರನ್ನ ಒಳಗೇ ಇಟ್ಟದ್ದು. ಎದುರಿನ ಕಾವಲಿ ಕೊಡ್ಲೇ ಇಲ್ಲ. ನೀನು ಅಲ್ಲಿಗೆ ಬಂದು ನೋಡೋದು ಅವ್ರಿಗೆ ಬೇಡ ಇತ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದಿಯಾ?"

ನಾಚಿಕೆ ಆಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಮತ್ತೆ ಹೊಟ್ಟೆಕಿಚ್ಚು. ಅಪ್ಪ ನನ್ನಿಂದ ಬಚ್ಚಿಟ್ಟುಕೊಂಡ ಕೈಯನ್ನು ಅವಳು ದಿನಾ ಸಂಜೆ ಮೂಟೆಯ ಮೇಲೆ ಕೂತು ನೋಡಿದ್ದಳು. ಅವಳ ಮುಂದೆ ಅಪ್ಪನಿಗೆ ಸಂಕೋಚ ಇರಲಿಲ್ಲ. ನನ್ನ ಮುಂದೆ ಇತ್ತು.

ಸಂಪಾದಕರಿಗೆ ತಿದ್ದುಪಡಿ ಕಳಿಸಿದೆ. "ಬಿಡಿ ಮೇಡಂ, ಯಾರು ಓದ್ತಾರೆ?" ಎಂದರು. ಹಟ ಹಿಡಿದು ಹಾಕಿಸಿದೆ. ಆಮೇಲೆ ಗೋರೆಗಾಂವ್‌ನಲ್ಲಿರುವ ಅವಳಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ಬೇಜಾರಾಯ್ತು, ಝೂಟ್ ಯಾಕೆ ಹೇಳ್ಲಿ," ಎಂದಳು. "ಫೋಟೋ ಅಂತ ಬರ್ದಿ ನೀನು. ಫೋಟೋ ಒಂದೂ ಇಲ್ಲ ಯಾರ್, ಎಲ್ಲ ಆಗ ಮೂಟೆ ಮೇಲೆ ಕೂತು ಬಿಡಿಸಿದ್ದು. ಛೋಡ್, ಅದನ್ನ ಬಿಡು. ಸಂಡೇ ಮನೆಗೆ ಬಾ, ತೋರಿಸ್ತೇನೆ."

ಹೋದೆ. ನನ್ನ ಅಪ್ಪನನ್ನು ನೋಡಲು ಇನ್ನೊಬ್ಬರ ಮನೆಗೆ ಹೋಗುವುದೇ ಎಂದು ಮೆಟ್ರೋದಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಹೋದೆ. ಅವಳು ಶಾಲೆಯ ಗಣಿತದ ನೋಟ್‌ಬುಕ್ಕುಗಳನ್ನು ಟೇಬಲ್ ಮೇಲೆ ಹರಡಿದಳು. ಹಿಂದಿನ ಪುಟಗಳಲ್ಲೆಲ್ಲ ಪೆನ್ಸಿಲ್ ಚಿತ್ರಗಳು. ಕೈಕಾಲು ಸೊಟ್ಟ, ಮೂಗು ಎಲ್ಲೋ. ಆದರೂ ಅಪ್ಪನೇ. ಒಂದರಲ್ಲಿ ಅವರು ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಬಾಯ್ತುಂಬ ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಒಂದು ಸಲವೂ ಕಂಡಿಲ್ಲ.

ಅವಳು ಚಹಾ ತಂದಿಟ್ಟು ಎದುರಿಗೆ ಕೂತಳು. ಕೇಳಬಾರದು ಎಂದುಕೊಂಡೆ. ತಡೆಯಲಾಗಲಿಲ್ಲ. ನನ್ನ ಅಪ್ಪ ಯಾಕೆ ನಗುತ್ತಿದ್ದಾರೆ ಎಂದು ಅವಳನ್ನು ಕೇಳಿದೆ.